ಚಿತ್ರಕಾರನ ತಲೆಯ ಮೇಲಿನ ಬೆರೆಟ್: ಎರಡು ಟೋಪಿಗಳು ಒಂದಾದ ಬಗೆ

ಮಕ್ಕಳ ಪುಸ್ತಕದಲ್ಲಾಗಲಿ, ಪತ್ರಿಕೆಯ ವ್ಯಂಗ್ಯಚಿತ್ರದಲ್ಲಾಗಲಿ, ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಾಗಲಿ ‘ಇವನು ಚಿತ್ರಕಾರ’ ಎಂದು ಒಂದೇ ನೋಟಕ್ಕೆ ತಿಳಿಸಬೇಕಾದಾಗ ಬಳಕೆಯಾಗುವ ಗುರುತುಗಳು ಕೆಲವೇ: ಕೈಯಲ್ಲೊಂದು ಕುಂಚ, ಬಣ್ಣ ಕಲೆಸುವ ಪ್ಯಾಲೆಟ್, ತಲೆಯ ಮೇಲೆ ಒಂದು ಬದಿಗೆ ವಾಲಿದ, ಅಂಚಿಲ್ಲದ ಮೆತ್ತನೆಯ ಟೋಪಿ. ಬರೆದು ಕೇಳಿದ್ದನ್ನು ಚಿತ್ರವಾಗಿ ಮೂಡಿಸಿಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಚಿತ್ರಕಾರನಿಗೆ ಇದನ್ನೇ ತೊಡಿಸುತ್ತವೆ. ಅವು ಈಚೆಗೆ ಎಲ್ಲರ ಫೋನಿಗೂ ಬಂದಿರುವುದರಿಂದ, ಈ ಟೋಪಿ ಮೊದಲಿಗಿಂತ ಹೆಚ್ಚಾಗಿಯೇ ಕಣ್ಣಿಗೆ ಬೀಳುತ್ತಿದೆ. ಕುಂಚ ಮತ್ತು ಪ್ಯಾಲೆಟ್ ಕೆಲಸದ ಸಲಕರಣೆಗಳಾದ್ದರಿಂದ ಅವು ಅಲ್ಲಿರುವುದಕ್ಕೆ ಕಾರಣ ಕೇಳಬೇಕಾಗಿಲ್ಲ. ಟೋಪಿಯ ವಿಷಯ ಹಾಗಲ್ಲ. ಚಿತ್ರ ಬರೆಯಲು ಟೋಪಿ ಬೇಕಿಲ್ಲ. ಬೇಕಿದ್ದರೂ ಇದೇ ಟೋಪಿ ಏಕೆ ಎಂಬುದಕ್ಕೆ ಉತ್ತರ ಸುಲಭವಾಗಿ ಸಿಗುವುದಿಲ್ಲ.

ಉತ್ತರ ಹುಡುಕುವವರಿಗೆ ಮೊದಲಿಗೆ ತೊಡಕಾಗುವ ಸಂಗತಿಯೆಂದರೆ, ಇಂದು ನಾವು ಬೆರೆಟ್ ಎಂದು ಕರೆಯುವ ಈ ಒಂದು ಟೋಪಿಯ ಹಿಂದೆ ಎರಡು ಬೇರೆ ಬೇರೆ ಟೋಪಿಗಳ ಚರಿತ್ರೆ ಇದೆ. ಒಂದು ಯುರೋಪಿನ ನಗರಗಳಲ್ಲಿ, ಅರಮನೆಗಳಲ್ಲಿ ಬಳಕೆಯಲ್ಲಿದ್ದ ಬಟ್ಟೆಯ ಟೋಪಿ. ಇನ್ನೊಂದು ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ಗಡಿಯಲ್ಲಿರುವ ಪಿರೆನೀಸ್ ಪರ್ವತಗಳ ಕುರಿಗಾಹಿಗಳ ಉಣ್ಣೆಯ ಟೋಪಿ. ಚಿತ್ರಕಾರರೊಡನೆ ನಂಟು ಬೆಳೆದದ್ದು ಮೊದಲನೆಯದಕ್ಕೆ. ಇಂದು ಅಂಗಡಿಯಲ್ಲಿ ಸಿಗುವುದು ಎರಡನೆಯದು.

ಬೆರೆಟ್ ಎಂದರೆ ಯಾವ ಟೋಪಿ?

ದುಂಡಗಿನ, ಚಪ್ಪಟೆಯಾದ, ಮುಂದೆ ನೆರಳು ಕೊಡುವ ಅಂಚಾಗಲಿ ಒಳಗೆ ಬಿಗಿಯಾದ ಚೌಕಟ್ಟಾಗಲಿ ಇಲ್ಲದ, ತಲೆಗೆ ಇಟ್ಟುಕೊಂಡಾಗ ಬೇಕಾದ ಕಡೆಗೆ ಬಾಗಿಸಿಕೊಳ್ಳಬಹುದಾದ ಮೆತ್ತನೆಯ ಟೋಪಿಗೆ ಬೆರೆಟ್ ಎನ್ನುತ್ತಾರೆ. ಫ್ರೆಂಚರ ಉಚ್ಚಾರಣೆಯಲ್ಲಿ ಕೊನೆಯ ‘ಟ್’ ಕೇಳಿಸುವುದಿಲ್ಲ. ನಮ್ಮ ಎನ್‌ಸಿಸಿ ಕೆಡೆಟ್‌ಗಳು ತಲೆಗೆ ಹಾಕಿಕೊಳ್ಳುವುದೂ ಇದೇ ಜಾತಿಯ ಟೋಪಿಯೇ.

ಸಾಂಪ್ರದಾಯಿಕ ಬೆರೆಟ್‌ನ ಬಟ್ಟೆ ಮಗ್ಗದಲ್ಲಿ ನೇಯ್ದದ್ದಲ್ಲ. ಅದು ಫೆಲ್ಟ್ ಆದ ಹೆಣಿಗೆ. ಉಣ್ಣೆಯ ಎಳೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ತೇವ, ಬಿಸಿ, ಸೋಪು ಮತ್ತು ತಿಕ್ಕಾಟ ಒಟ್ಟಿಗೆ ಸೇರಿದಾಗ ಈ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲು ಬಾರದಂತೆ ಹೆಣೆದುಕೊಳ್ಳುತ್ತವೆ. ಉಣ್ಣೆಯ ಸ್ವೆಟರನ್ನು ತಿಳಿಯದೆ ಬಿಸಿನೀರಿನಲ್ಲಿ ಹಾಕಿ ಒಗೆದರೆ ಅದು ಕುಗ್ಗಿ ದಪ್ಪಗಾಗಿ ಮಗುವಿನ ಅಳತೆಗೆ ಬರುತ್ತದಲ್ಲ, ಅಲ್ಲಿ ಆಕಸ್ಮಿಕವಾಗಿ ಆಗುವುದನ್ನೇ ಬೆರೆಟ್ ತಯಾರಕರು ಬೇಕೆಂದೇ ಮಾಡುತ್ತಾರೆ. ಮೊದಲು ತಲೆಗಿಂತ ಬಹಳ ದೊಡ್ಡದಾದ, ಜಾಳುಜಾಳಾದ ಒಂದು ಉಣ್ಣೆಯ ತಟ್ಟೆಯನ್ನು ಹೆಣೆಯುತ್ತಾರೆ. ಅದರ ಎರಡು ತುದಿಗಳನ್ನು ಹೊಲಿಗೆ ಕಾಣದಂತೆ ಕುಣಿಕೆಗೆ ಕುಣಿಕೆ ಸೇರಿಸಿ ಮುಚ್ಚುತ್ತಾರೆ. ಬಳಿಕ ಅದನ್ನು ನೀರು ಮತ್ತು ಸೋಪಿನಲ್ಲಿ ಮಿದಿದು ಕುಗ್ಗಿಸುತ್ತಾರೆ, ಬಣ್ಣ ಕಟ್ಟುತ್ತಾರೆ, ಅಚ್ಚಿಗೇರಿಸಿ ಆಕಾರ ಕೊಡುತ್ತಾರೆ, ಮೇಲಿನ ನವಿರನ್ನು ಎಬ್ಬಿಸಿ ಸಮನಾಗಿ ಕತ್ತರಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಅದು ಗಾಳಿಯನ್ನು ತಡೆಯುವ, ಸಣ್ಣ ಮಳೆಗೆ ಜಗ್ಗದ, ಮಡಿಸಿ ಜೇಬಿಗಿಟ್ಟರೂ ಕೆಡದ ಬಟ್ಟೆಯಾಗಿರುತ್ತದೆ.

ಬೆರೆಟ್‌ನ ನಡುನೆತ್ತಿಯಲ್ಲಿ ತೊಟ್ಟಿನಂಥ ಒಂದು ಸಣ್ಣ ಬಾಲವಿರುತ್ತದೆ. ಫ್ರಾನ್ಸಿನ ತಯಾರಕರು ಇದನ್ನು ‘ಕಬಿಯು’ ಎನ್ನುತ್ತಾರೆ. ನೋಡುವವರಿಗೆ ಅಲಂಕಾರದಂತೆ ಕಾಣುವ ಇದು ಹೆಣಿಗೆ ನಡುವಿನಲ್ಲಿ ಬಂದು ಸೇರುವಾಗ ಉಳಿಯುತ್ತಿದ್ದ ನೂಲಿನ ತುದಿ. ಹೆಣೆದು ಮಾಡಿದ ಬೆರೆಟ್‌ಗೆ ಇದು ಹುಟ್ಟುಗುರುತು.

ಮೊದಲನೆಯ ಟೋಪಿ: ನಗರದ್ದು, ಅರಮನೆಯದು

ಹದಿನೈದು ಮತ್ತು ಹದಿನಾರನೆಯ ಶತಮಾನಗಳಲ್ಲಿ ಪಶ್ಚಿಮ ಯುರೋಪಿನ ಗಂಡಸರು ಬಹುಮಟ್ಟಿಗೆ ಎಲ್ಲರೂ ಮೆತ್ತನೆಯ ಚಪ್ಪಟೆ ಟೋಪಿಯನ್ನೇ ಧರಿಸುತ್ತಿದ್ದರು. ಶ್ರೀಮಂತರದ್ದು ಮಖಮಲ್ಲಿನದು, ಅದಕ್ಕೆ ಗರಿ ಮತ್ತು ರತ್ನದ ಪದಕ, ದುಡಿಯುವವರದ್ದು ಉಣ್ಣೆಯದು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಪ್ರಸಿದ್ಧ ಭಾವಚಿತ್ರಗಳಲ್ಲಿ ಕಾಣುವುದು ಇದರ ಸಿರಿವಂತ ರೂಪ. 1571ರಲ್ಲಿ ಇಂಗ್ಲೆಂಡಿನ ಸಂಸತ್ತು ದೇಶದ ಟೋಪಿ ಹೆಣೆಯುವವರ ಜೀವನೋಪಾಯವನ್ನು ಕಾಪಾಡಲು ಒಂದು ಕಾನೂನನ್ನೇ ತಂದಿತು. ಆರು ವರ್ಷ ಮೀರಿದ ಪ್ರತಿಯೊಬ್ಬರೂ, ಮೇಲ್ವರ್ಗದವರ ಹೊರತು, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಇಂಗ್ಲೆಂಡಿನಲ್ಲೇ ತಯಾರಾದ ಉಣ್ಣೆಯ ಟೋಪಿ ಧರಿಸತಕ್ಕದ್ದು. ತಪ್ಪಿದರೆ ದಿನಕ್ಕೆ ಮೂರು ಶಿಲಿಂಗ್ ನಾಲ್ಕು ಪೆನ್ಸ್ ದಂಡ. ಈ ಕಾನೂನು 1597ರಲ್ಲಿ ರದ್ದಾಯಿತು.

ಹೀಗೆ ಎಲ್ಲರ ತಲೆಯ ಮೇಲೂ ಇದ್ದ ಟೋಪಿ ಚಿತ್ರಕಾರರ ತಲೆಯ ಮೇಲೂ ಇತ್ತು. ಇಟಲಿಯ ರಾಫೆಲ್ ಎಳೆಯ ವಯಸ್ಸಿನಲ್ಲಿ ಬರೆದುಕೊಂಡ, ಈಗ ಫ್ಲಾರೆನ್ಸ್‌ನ ಉಫೀಜಿ ಸಂಗ್ರಹಾಲಯದಲ್ಲಿರುವ ತನ್ನ ಭಾವಚಿತ್ರದಲ್ಲಿ ಕಪ್ಪು ಟೋಪಿ ಧರಿಸಿದ್ದಾನೆ. ಆ ಕಾಲದಲ್ಲಿ ಅದಕ್ಕೆ ಕಲೆಗೆ ಸಂಬಂಧಿಸಿದ ಯಾವ ಅರ್ಥವೂ ಇರಲಿಲ್ಲ. ವಕೀಲ, ವರ್ತಕ, ವಿದ್ವಾಂಸ ಎಲ್ಲರದೂ ಅದೇ ಟೋಪಿ. ಡಾಕ್ಟರೇಟ್ ಪಡೆದವರು ಘಟಿಕೋತ್ಸವದಲ್ಲಿ ಧರಿಸುವ ಮೆತ್ತನೆಯ ದುಂಡು ಟೋಪಿ ಆ ಉಡುಪಿನ ಇನ್ನೊಂದು ಕವಲು.

ಫ್ಯಾಷನ್ ಬದಲಾಯಿತು. ಹದಿನೇಳನೆಯ ಶತಮಾನಕ್ಕೆ ಕಾಲಿಡುವ ಹೊತ್ತಿಗೆ ಅಗಲ ಅಂಚಿನ, ಗಟ್ಟಿಯಾದ ಹ್ಯಾಟುಗಳು ಬಂದು ಹಳೆಯ ಚಪ್ಪಟೆ ಟೋಪಿ ಬೀದಿಯಿಂದ ಮರೆಯಾಯಿತು. ಚಿತ್ರಕಾರರ ಟೋಪಿಯ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ.

ರೆಂಬ್ರಾಂಟ್ ಹಳತಾದ ಟೋಪಿಯನ್ನು ಏಕೆ ತೊಟ್ಟ?

ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ (1606–1669) ತನ್ನ ಮುಖವನ್ನು ತಾನೇ ಬರೆದುಕೊಂಡಷ್ಟು ಸಲ ಆತನಿಗಿಂತ ಹಿಂದಿನ ಯಾರೂ ಬರೆದುಕೊಂಡಿರಲಿಲ್ಲ. ತೈಲವರ್ಣ, ಎಚಿಂಗ್, ರೇಖಾಚಿತ್ರಗಳೆಲ್ಲ ಸೇರಿದರೆ ಅವು ಎಂಬತ್ತರ ಆಸುಪಾಸಿನಲ್ಲಿವೆ. ಅವುಗಳಲ್ಲಿ ಬಹಳಷ್ಟರಲ್ಲಿ ಆತನ ತಲೆಯ ಮೇಲೆ ಬೆರೆಟ್ ಇದೆ. ಆದರೆ ಆತ ಬದುಕಿದ್ದ ಆಮ್‌ಸ್ಟರ್‌ಡಾಮ್‌ನಲ್ಲಿ ಆಗ ಯಾರೂ ಅಂಥ ಟೋಪಿ ಹಾಕಿಕೊಂಡು ಓಡಾಡುತ್ತಿರಲಿಲ್ಲ. ಆತನೇ 1642ರಲ್ಲಿ ಬರೆದ, ‘ರಾತ್ರಿ ಕಾವಲು’ ಎಂದು ಹೆಸರಾದ ದೊಡ್ಡ ಚಿತ್ರದ ನಡುವೆ ನಿಂತಿರುವ ಕ್ಯಾಪ್ಟನ್‌ನ ತಲೆಯ ಮೇಲಿರುವುದು ಕಾಲಕ್ಕೆ ತಕ್ಕ, ಅಗಲ ಅಂಚಿನ ಕಪ್ಪು ಹ್ಯಾಟು. ಅದೇ ಚಿತ್ರದ ಹಿಂಬದಿಯಲ್ಲಿ, ಇಬ್ಬರ ನಡುವಿನ ಸಂದಿಯಲ್ಲಿ, ಒಂದು ಕಣ್ಣು ಮತ್ತು ಒಂದು ಬೆರೆಟ್ ಮಾತ್ರ ಇಣುಕುತ್ತವೆ. ಅದು ರೆಂಬ್ರಾಂಟ್‌ನೇ ಇರಬೇಕೆಂದು ಬಹಳ ಮಂದಿ ತಜ್ಞರು ನಂಬುತ್ತಾರೆ. ಹಾಗಾದರೆ ತನ್ನನ್ನು ಗುರುತಿಸಿಕೊಳ್ಳಲು ಆತ ನೂರು ವರ್ಷ ಹಳತಾದ ಉಡುಪನ್ನು ಆರಿಸಿಕೊಂಡದ್ದು ಏಕೆ?

ಇದನ್ನು ತಿಳಿಯಲು 1639ರ ಏಪ್ರಿಲ್ ತಿಂಗಳಿನಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ನಡೆದ ಒಂದು ಹರಾಜನ್ನು ನೋಡಬೇಕು. ತೀರಿಹೋದ ವರ್ತಕನೊಬ್ಬನ ಸಂಗ್ರಹದಲ್ಲಿ ರಾಫೆಲ್ ಬರೆದ ಕಾಸ್ತಿಲ್ಯೋನೆ ಎಂಬ ಆಸ್ಥಾನಿಕನ ಭಾವಚಿತ್ರ ಮಾರಾಟಕ್ಕೆ ಬಂತು. ರೆಂಬ್ರಾಂಟ್ ಅಲ್ಲಿದ್ದ. ಆತ ಲೇಖನಿಯಲ್ಲಿ ಅದರ ಚುರುಕಾದ ನಕಲೊಂದನ್ನು ಗೀಚಿಕೊಂಡು, ಚಿತ್ರ 3,500 ಗಿಲ್ಡರ್‌ಗೆ ಮಾರಾಟವಾಯಿತೆಂದು ಅದರ ಪಕ್ಕದಲ್ಲೇ ಬರೆದಿಟ್ಟ. ಆ ಹಾಳೆ ಈಗ ವಿಯೆನ್ನಾದ ಅಲ್ಬರ್ಟೀನಾ ಸಂಗ್ರಹಾಲಯದಲ್ಲಿದೆ. ರಾಫೆಲ್‌ನ ಚಿತ್ರದಲ್ಲಿ ಕಾಸ್ತಿಲ್ಯೋನೆಯ ಕಪ್ಪು ಟೋಪಿ ತಲೆಯ ಮೇಲೆ ನೇರವಾಗಿದೆ. ರೆಂಬ್ರಾಂಟ್‌ನ ಗೀಚಿನಲ್ಲಿ ಅದು ಒಂದು ಕಡೆಗೆ ವಾಲಿದೆ! ಅದೇ ವರ್ಷ ಆತ ತನ್ನದೇ ಒಂದು ಎಚಿಂಗ್ ಮಾಡಿದ. ಎಚಿಂಗ್ ಎಂದರೆ ತಾಮ್ರದ ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆಸಿ, ಮಸಿ ತುಂಬಿ, ಕಾಗದದ ಮೇಲೆ ಅಚ್ಚು ತೆಗೆಯುವ ವಿಧಾನ. ಅದರಲ್ಲಿ ಆತ ಕಲ್ಲಿನ ಕಟ್ಟೆಗೆ ಮೊಳಕೈ ಊರಿ, ಉದ್ದ ಕೂದಲಿನ ಮೇಲೆ ಬೆರೆಟನ್ನು ಓರೆಯಾಗಿಸಿ ನಮ್ಮತ್ತ ತಿರುಗಿ ನೋಡುತ್ತಾನೆ. ಮರುವರ್ಷ, ಅಂದರೆ 1640ರಲ್ಲಿ, ಅದೇ ಭಂಗಿಯನ್ನು ತೈಲವರ್ಣಕ್ಕೆ ತಂದ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ಆತನ ಉಡುಪು ಪೂರ್ತಿ ಹದಿನಾರನೆಯ ಶತಮಾನದ್ದು.

ರಾಫೆಲ್‌ನಂಥ ಇಟಲಿಯ ಮಹನೀಯರ ಜೊತೆಗೆ ಹತ್ತಿರದ ಇನ್ನೊಂದು ಮಾದರಿಯೂ ಆತನ ಕಣ್ಣ ಮುಂದಿತ್ತು. 1572ರಲ್ಲಿ ಆಂಟ್‌ವರ್ಪ್‌ನಲ್ಲಿ ನೆದರ್ಲೆಂಡ್ಸ್ ಸೀಮೆಯ 23 ಹಳೆಯ ಚಿತ್ರಕಾರರ ಕೆತ್ತನೆಯ ಭಾವಚಿತ್ರಗಳು ಪುಸ್ತಕವಾಗಿ ಪ್ರಕಟವಾಗಿದ್ದವು. ಆ ಹಿರಿಯರಲ್ಲಿ ಹಲವರು ತಮ್ಮ ಕಾಲದ ರೂಢಿಯಂತೆ ಚಪ್ಪಟೆ ಟೋಪಿಯಲ್ಲಿದ್ದಾರೆ. ಅವರ ಬದುಕಿನಲ್ಲಿ ಆ ಟೋಪಿ ಮಾಮೂಲಿನದಾಗಿತ್ತು. ರೆಂಬ್ರಾಂಟ್‌ನ ಕಾಲದವರಿಗೆ ಅದು ‘ಹಿಂದಿನ ಮಹಾಕಲಾವಿದರ’ ಟೋಪಿಯಾಗಿ ಕಂಡಿತು. ಅದನ್ನು ತಲೆಗಿಟ್ಟುಕೊಂಡವನು ತಾನೂ ಆ ಪರಂಪರೆಗೆ ಸೇರಿದವನೆಂದು ಹೇಳಿಕೊಂಡ ಹಾಗೆ. ರೆಂಬ್ರಾಂಟ್ ಮಾಡಿದ್ದು ಇದನ್ನೇ ಎಂಬುದು ಉಡುಪಿನ ಚರಿತ್ರೆಯನ್ನು ಅಧ್ಯಯನ ಮಾಡಿದವರ ವಿವರಣೆ, ಮತ್ತು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ಒಪ್ಪುವಂತೆಯೇ ಇದೆ.

ಈ ಮಾತಿಗೆ ಇನ್ನೊಂದು ಬಗೆಯ ಸಾಕ್ಷಿಯೂ ಇದೆ. ಪ್ಯಾರಿಸ್‌ನ ಲೂವ್ರ್‌ನಲ್ಲಿರುವ 1660ರ ಚಿತ್ರದಲ್ಲಿ ರೆಂಬ್ರಾಂಟ್ ನಿಜವಾಗಿಯೂ ಈಸೆಲ್‌ನ, ಅಂದರೆ ಕ್ಯಾನ್ವಾಸು ನಿಲ್ಲಿಸುವ ಚೌಕಟ್ಟಿನ, ಮುಂದೆ ಕೆಲಸದಲ್ಲಿದ್ದಾನೆ. ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿರುವ, 1665ರ ಸುಮಾರಿನ ಚಿತ್ರದಲ್ಲಿ ಪ್ಯಾಲೆಟ್, ಕುಂಚಗಳೆಲ್ಲ ಕೈಯಲ್ಲಿವೆ. ಎರಡರಲ್ಲೂ ಆತನ ತಲೆಯ ಮೇಲಿರುವುದು ಬೆರೆಟ್ ಅಲ್ಲ, ಮನೆಯಲ್ಲಿ ಧರಿಸುವಂಥ ಬಿಳಿಯ ನಾರುಬಟ್ಟೆಯ ಸಾದಾ ಟೋಪಿ. 1648ರ ಎಚಿಂಗ್‌ನಲ್ಲಿ ಕಿಟಕಿಯ ಬಳಿ ಕುಳಿತು ಚಿತ್ರ ಬರೆಯುತ್ತಿರುವಾಗ ಇರುವುದು ಅಂಚಿನ ಹ್ಯಾಟು. ದುಡಿಯುವಾಗಿನ ಉಡುಪು ಬೇರೆ, ಲೋಕಕ್ಕೆ ತನ್ನನ್ನು ‘ಕಲಾವಿದ’ ಎಂದು ತೋರಿಸಿಕೊಳ್ಳುವ ಉಡುಪು ಬೇರೆ ಎಂಬ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿದೆ.

ಆತನ ಶಿಷ್ಯರು ಅದೇ ವೇಷದಲ್ಲಿ ತಮ್ಮನ್ನು ಬರೆದುಕೊಂಡರು. ಎಚಿಂಗ್‌ಗಳು ಅಗ್ಗವಾಗಿ, ಹಲವು ಪ್ರತಿಗಳಲ್ಲಿ ಯುರೋಪಿನಾದ್ಯಂತ ಹರಡಿದವು. ಒಬ್ಬ ಮಹಾಚಿತ್ರಕಾರನ ಮುಖ ಹೇಗಿತ್ತೆಂದು ಮುಂದಿನ ತಲೆಮಾರುಗಳು ಕಲ್ಪಿಸಿಕೊಳ್ಳುವಾಗ ಆ ಓರೆ ಟೋಪಿಯೂ ಜೊತೆಯಲ್ಲೇ ಬಂತು.

ಹಳೆಯ ಉಡುಪಿನ ಮೇಲಿನ ಒಲವು

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ತರುಣರಿಗೆ ಈ ಟೋಪಿ ಮತ್ತೆ ಬೇಕಾಯಿತು. ನೆಪೋಲಿಯನ್ ವಿರುದ್ಧದ ಯುದ್ಧಗಳ ಕಾಲದಲ್ಲಿ ದೇಶಾಭಿಮಾನಿ ವಿದ್ಯಾರ್ಥಿಗಳು ಮತ್ತು ಕಲಾವಿದರು ಫ್ರೆಂಚ್ ಫ್ಯಾಷನ್ ಬಿಟ್ಟು ‘ಹಳೆಯ ಜರ್ಮನ್’ ಉಡುಪು ತೊಡಲಾರಂಭಿಸಿದರು: ಉದ್ದನೆಯ ಕಪ್ಪು ಕೋಟು, ತೆರೆದ ಅಗಲ ಕಾಲರ್, ಮಖಮಲ್ಲಿನ ಬೆರೆಟ್. ಅಲ್ಲಿನ ಅರಸರಿಗೆ ಇದು ಬಂಡಾಯದ ಸಮವಸ್ತ್ರವಾಗಿ ಕಂಡಿತು. 1819ರ ಬಳಿಕ ಈ ಉಡುಪಿನ ಮೇಲೆ ನಿರ್ಬಂಧಗಳು ಬಂದವು. ಅದೇ ಹೊತ್ತಿನಲ್ಲಿ ಕಾಸ್ಪರ್ ಡೇವಿಡ್ ಫ್ರೀಡ್ರಿಷ್ ಬರೆದ, ಚಂದ್ರನನ್ನು ನೋಡುತ್ತ ನಿಂತ ಇಬ್ಬರ ಚಿತ್ರ ಡ್ರೆಸ್ಡನ್‌ನಲ್ಲಿದೆ. ಬೆನ್ನು ತಿರುಗಿಸಿ ನಿಂತ ಹಿರಿಯನ ಮೈಮೇಲೆ ನಿಲುವಂಗಿ, ತಲೆಯ ಮೇಲೆ ಆ ಬೆರೆಟ್. ಸಂಗೀತಗಾರ ವಾಗ್ನರ್ ಬಹಳ ಕಾಲ ಮಖಮಲ್ಲಿನ ಬೆರೆಟ್ ಧರಿಸುತ್ತಿದ್ದುದಕ್ಕೂ ಇದೇ ಹಿನ್ನೆಲೆ.

ಎರಡನೆಯ ಟೋಪಿ: ಕುರಿಗಾಹಿಗಳದು

ಈಗ ಪಿರೆನೀಸ್ ಕಡೆಗೆ ತಿರುಗೋಣ. ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ ಬೆಯಾರ್ನ್ ಎಂಬ ಸೀಮೆ ಇದೆ. ಅದರ ಒಸ್ಸೋ ಮೊದಲಾದ ಕಣಿವೆಗಳಲ್ಲಿ ಕುರಿಸಾಕಣೆ ಬಹಳ ಹಳೆಯ ಕಸುಬು. ಕುರಿಯ ಉಣ್ಣೆ, ಪರ್ವತದಿಂದ ರಭಸವಾಗಿ ಇಳಿಯುವ ಹೊಳೆ, ಆ ಹೊಳೆಯ ಬಲದಿಂದ ಉಣ್ಣೆಯನ್ನು ಮಿದಿಯುವ ಗಿರಣಿ, ಮೂರೂ ಒಂದೇ ಕಡೆ ಇದ್ದುದರಿಂದ ಫೆಲ್ಟ್ ಟೋಪಿ ಅಲ್ಲಿ ನೆಲೆಯೂರಿತು. ಗಾಳಿ, ಮಂಜು, ಬಿಸಿಲುಗಳ ನಡುವೆ ದಿನಗಟ್ಟಲೆ ಬೆಟ್ಟದ ಮೇಲಿರುವ ಕುರಿಗಾಹಿಗೆ ಅದು ತಲೆಗೆ ಬೆಚ್ಚಗೆ, ಮುಂದಕ್ಕೆ ಬಾಗಿಸಿದರೆ ಕಣ್ಣಿಗೆ ನೆರಳು, ಬೇಡವಾದಾಗ ಜೇಬಿನಲ್ಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮನೆಗೆಲಸ ಕಾರ್ಖಾನೆಯ ಕೆಲಸವಾಯಿತು. ಒಲೊರೊಂ-ಸ್ಯಾಂತ್-ಮಾರಿ ಮತ್ತು ನೈ ಎಂಬ ಸಣ್ಣ ಊರುಗಳು ಅದರ ಕೇಂದ್ರಗಳಾದವು. ಲೋಲೇರ್ ಎಂಬ ತಯಾರಿಕಾ ಸಂಸ್ಥೆ 1840ರಲ್ಲಿ ಒಲೊರೊಂನಲ್ಲಿ ಶುರುವಾಯಿತು. ಗಡಿಯಾಚೆ, ಸ್ಪೇನಿಗೆ ಸೇರಿದ ಬಾಸ್ಕ್ ಸೀಮೆಯ ತೊಲೋಸಾದಲ್ಲಿ 1858ರಲ್ಲಿ ಎಲೋಸೆಗಿ ಎಂಬ ಇನ್ನೊಂದು ಹೆಸರಾಂತ ಕಾರ್ಖಾನೆ ಹುಟ್ಟಿತು. ಬಾಸ್ಕ್ ಜನ ಇದನ್ನು ‘ಚಾಪೆಲಾ’ ಎನ್ನುತ್ತಾರೆ. ಅವರ ಆಟ, ಹಾಡುಗಳ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಇಂದಿಗೂ ಅಗಲವಾದ ಚಾಪೆಲಾ ತೊಡಿಸುತ್ತಾರೆ. 1833ರಲ್ಲಿ ಆರಂಭವಾದ ಸ್ಪೇನಿನ ಸಿಂಹಾಸನದ ಅಂತರ್ಯುದ್ಧದಲ್ಲಿ, ರಾಜಕುಮಾರ ಕಾರ್ಲೋಸ್‌ನ ಪರ ನಿಂತ ಕಾರ್ಲಿಸ್ಟ್ ಪಕ್ಷದ ಸೇನಾನಿ ಸುಮಾಲಕಾರ್ರೆಗಿಯ ಬೆರೆಟ್ ಇಡೀ ಪಕ್ಷದ ಗುರುತಾಗಿ, ಮುಂದೆ ಕೆಂಪು ಬೆರೆಟ್ ಕಾರ್ಲಿಸ್ಟರ ಲಾಂಛನವೇ ಆಯಿತು.

ಇಷ್ಟಾದರೂ ಜಗತ್ತಿನಲ್ಲಿ ಇದಕ್ಕೆ ನಿಂತ ಹೆಸರು ‘ಬಾಸ್ಕ್ ಬೆರೆಟ್’, ಬೆಯಾರ್ನ್ ಬೆರೆಟ್ ಅಲ್ಲ. ಬಾಸ್ಕ್ ಸೀಮೆಯ ಫ್ರಾನ್ಸ್ ಕಡೆಯ ಕರಾವಳಿಯ ಬಿಯಾರಿಟ್ಸ್‌ನಲ್ಲಿ 1850ರ ದಶಕದಲ್ಲಿ ಅರಮನೆ ಕಟ್ಟಿಸಿಕೊಂಡ ಫ್ರೆಂಚ್ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅಲ್ಲಿನವರ ಟೋಪಿ ಕಂಡು ಹಾಗೆ ಕರೆದನೆಂಬ ಕಥೆ ಪ್ರಚಲಿತವಾಗಿದೆ. ಕಥೆ ಹೇಗಾದರೂ ಇರಲಿ, ಚಕ್ರವರ್ತಿಯ ಹಿಂದೆಯೇ ಪ್ಯಾರಿಸ್‌ನ ಸಿರಿವಂತ ಪ್ರವಾಸಿಗರು ಆ ಕಡೆ ಹೋಗಿಬರಲು ತೊಡಗಿದ್ದಂತೂ ನಿಜ.

ಪ್ಯಾರಿಸ್‌ನಲ್ಲಿ ಎರಡೂ ಸೇರಿದ್ದು

ಪ್ಯಾರಿಸ್‌ನಲ್ಲಿ ಚಿತ್ರಕಲೆ ಕಲಿಯಲು ಬಂದ ತರುಣರನ್ನು ಅಲ್ಲಿನವರು ‘ರಾಪ್ಯಾಂ’ ಎನ್ನುತ್ತಿದ್ದರು. ಗುರುವಿನ ಚಿತ್ರಶಾಲೆಯಲ್ಲಿ ಕುಂಚ ತೊಳೆದುಕೊಂಡು, ಬಾಡಿಗೆಯ ಮಾಳಿಗೆಕೋಣೆಯಲ್ಲಿ ಇದ್ದುಕೊಂಡು ಕಾಲ ಕಳೆಯುತ್ತಿದ್ದ ಇವರು 1830ರ ಬಳಿಕ ಬೇಕೆಂದೇ ಹಳೆಯ ಕಾಲದ ಉಡುಪು ತೊಟ್ಟು ತಿರುಗುತ್ತಿದ್ದರು: ಉದ್ದ ಕೂದಲು, ಮಖಮಲ್ಲಿನ ಕೋಟು, ಅಗಲವಾದ ಬೆರೆಟ್. ಎತ್ತರದ ಸಿಲ್ಕ್ ಹ್ಯಾಟು ಧರಿಸುವ ಬ್ಯಾಂಕಿನವರು, ವ್ಯಾಪಾರಿಗಳಿಗಿಂತ ತಾವು ಬೇರೆ ಎಂದು ಸಾರುವುದು ಅವರಿಗೆ ಬೇಕಾಗಿತ್ತು. ಪತ್ರಿಕೆಗಳ ವ್ಯಂಗ್ಯಚಿತ್ರಕಾರರಿಗೆ ಈ ವೇಷ ಒಳ್ಳೆಯ ಸರಕಾಯಿತು. ‘ಚಿತ್ರಕಾರ ಎಂದರೆ ಬೆರೆಟ್’ ಎಂಬ ಸಮೀಕರಣವನ್ನು ಸಾಮಾನ್ಯ ಓದುಗರ ಮನಸ್ಸಿಗೆ ಮುಟ್ಟಿಸಿದ್ದರಲ್ಲಿ ಗ್ಯಾಲರಿಗಳಿಗಿಂತ ಈ ಅಚ್ಚಿನ ಚಿತ್ರಗಳ ಪಾಲು ದೊಡ್ಡದೆಂದು ನನ್ನ ಅನಿಸಿಕೆ.

ಇದೇ ಕಾಲದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಪಿರೆನೀಸ್ ಬೆರೆಟ್ ರೈಲು ಹತ್ತಿ ನಗರಕ್ಕೆ ಬಂತು. ಮಖಮಲ್ಲಿನ ಟೋಪಿ ದುಬಾರಿ. ಇದು ಅಗ್ಗ, ಗಟ್ಟಿ, ಬೆಚ್ಚಗೆ. ಆಕಾರದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ರೆಂಬ್ರಾಂಟ್‌ನ ನೆನಪನ್ನು ಹೊತ್ತಿದ್ದ ಟೋಪಿಯ ಜಾಗದಲ್ಲಿ ಕುರಿಗಾಹಿಯ ಟೋಪಿ ಸದ್ದಿಲ್ಲದೆ ಬಂದು ಕುಳಿತಿತು. ಹೊಸ ಟೋಪಿಗೆ ಹಳೆಯ ಅರ್ಥವೂ ದಕ್ಕಿತು.

ಕ್ಲೋದ್ ಮೊನೆ 1886ರಲ್ಲಿ ಬೆರೆಟ್ ಧರಿಸಿದ ತನ್ನ ಭಾವಚಿತ್ರ ಬರೆದ. ಪಾಲ್ ಸೆಜಾನ್ 1898–1900ರ ನಡುವೆ ಬರೆದ, ಈಗ ಅಮೆರಿಕದ ಬಾಸ್ಟನ್‌ನಲ್ಲಿರುವ ಚಿತ್ರದಲ್ಲಿ ಅರವತ್ತರ ಅಂಚಿನ ಮನುಷ್ಯ, ಬೆಳ್ಳಗಾದ ಗಡ್ಡ, ಕಡು ಬಣ್ಣದ ಬೆರೆಟ್. ಇಪ್ಪತ್ತನೆಯ ಶತಮಾನದಲ್ಲಿ ಪಿಕಾಸೊ ತಾನೂ ಬೆರೆಟ್ ಧರಿಸಿದ, ತನ್ನ ಚಿತ್ರಗಳ ಹೆಂಗಸರಿಗೂ ತೊಡಿಸಿದ. ಹಾಗೆಂದು ಎಲ್ಲರೂ ಇದನ್ನೇ ಧರಿಸುತ್ತಿದ್ದರೆಂದು ತಿಳಿಯಬಾರದು. ವ್ಯಾನ್ ಗೋ ತನ್ನನ್ನು ಬರೆದುಕೊಂಡದ್ದು ಹುಲ್ಲಿನ ಹ್ಯಾಟಿನಲ್ಲಿ, ಕಿವಿಗೆ ಪಟ್ಟಿ ಕಟ್ಟಿಕೊಂಡ 1889ರ ಚಿತ್ರಗಳಲ್ಲಿ ತುಪ್ಪಳದ ಟೋಪಿಯಲ್ಲಿ.

ಕೆಲಸಕ್ಕೆ ಅನುಕೂಲವಾಗಿತ್ತೆ?

ಬೆರೆಟ್ ಚಿತ್ರಕಾರರಿಗೆ ಅನುಕೂಲವಾದ್ದರಿಂದಲೇ ಅವರ ಗುರುತಾಯಿತು ಎಂಬ ವಿವರಣೆಯನ್ನು ಹಲವೆಡೆ ಕಾಣುತ್ತೇವೆ. ಅನುಕೂಲಗಳಿದ್ದದ್ದು ನಿಜ. ಅಂಚಿಲ್ಲದ್ದರಿಂದ ಕ್ಯಾನ್ವಾಸಿನ ತೀರ ಹತ್ತಿರಕ್ಕೆ ಮುಖ ಒಯ್ದರೂ ಟೋಪಿ ತಾಗುವುದಿಲ್ಲ, ಬೆಳಕಿಗೂ ಅಡ್ಡ ಬರುವುದಿಲ್ಲ. ಚಿತ್ರಶಾಲೆಗಳಲ್ಲಿ ಏಕರೀತಿಯ ಬೆಳಕಿಗಾಗಿ ಉತ್ತರ ದಿಕ್ಕಿಗೆ ದೊಡ್ಡ ಕಿಟಕಿ ಇಡುತ್ತಿದ್ದರು. ಬಿಸಿಲು ಬೀಳದ ಆ ಕೋಣೆಗಳು ಚಳಿಗಾಲದಲ್ಲಿ ಕೊರೆಯುತ್ತಿದ್ದವು, ಸೌದೆ ಕೊಳ್ಳಲು ಕಾಸಿರುತ್ತಿರಲಿಲ್ಲ. ಕೂದಲಿಗೆ ಬಣ್ಣ ತಾಗದಂತೆಯೂ ಅದು ಕಾಯುತ್ತಿತ್ತು. ಆದರೆ ಇಷ್ಟೇ ಅನುಕೂಲ ಬೇರೆ ಸಾದಾ ಟೋಪಿಗಳಲ್ಲೂ ಇತ್ತು. ರೆಂಬ್ರಾಂಟ್‌ನ ಬಿಳಿ ಟೋಪಿಯನ್ನು ಆಗಲೇ ನೋಡಿದ್ದೇವೆ. ಅನುಕೂಲದಿಂದ ಬಳಕೆ ಉಳಿದಿರಬಹುದು. ಅರ್ಥ ಬಂದದ್ದು ಪರಂಪರೆಯಿಂದ.

ಸೈನಿಕನ ತಲೆಗೆ

ಚಿತ್ರಕಾರನ ಟೋಪಿಯೇ ಸೈನಿಕನ ಟೋಪಿಯೂ ಆದದ್ದು ಹೇಗೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಸೈನ್ಯ ತೆಗೆದುಕೊಂಡದ್ದು ಪಿರೆನೀಸ್‌ನ ಟೋಪಿಯನ್ನು. 1888ರ ಕೊನೆಯಲ್ಲಿ ರೂಪುಗೊಂಡ ಫ್ರಾನ್ಸಿನ ಪರ್ವತ ಪಡೆ ಅಗಲವಾದ ನೀಲಿ ಬೆರೆಟನ್ನು ತನ್ನದಾಗಿಸಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಅದನ್ನು ಕಂಡ ಬ್ರಿಟಿಷ್ ಟ್ಯಾಂಕ್ ಪಡೆಯ ಅಧಿಕಾರಿಗಳಿಗೆ ಅದು ಹಿಡಿಸಿತು. ಟ್ಯಾಂಕಿನ ಇಕ್ಕಟ್ಟಿನಲ್ಲಿ ಅಂಚಿನ ಟೋಪಿ ಎಲ್ಲೆಂದರಲ್ಲಿ ತಾಗುತ್ತದೆ, ತಿಳಿ ಬಣ್ಣದ ಟೋಪಿ ಎಣ್ಣೆಯಿಂದ ಕೊಳಕಾಗುತ್ತದೆ. 1924ರಲ್ಲಿ ಟ್ಯಾಂಕ್ ಪಡೆಗೆ ಕಪ್ಪು ಬೆರೆಟ್ ಮಂಜೂರಾಯಿತು. 1942ರಲ್ಲಿ ಬ್ರಿಟನ್ನಿನ ವಾಯುವಾಹಿತ ಪಡೆಗಳು ಮರೂನ್ ಬಣ್ಣ ಆರಿಸಿಕೊಂಡವು. ಆ ಬಣ್ಣ ಅಲ್ಲಿಂದ ಭಾರತಕ್ಕೂ ಬಂದು, ಬೆಂಗಳೂರಿನಲ್ಲಿ ತರಬೇತಿ ಕೇಂದ್ರವನ್ನು ಹೊಂದಿರುವ ನಮ್ಮ ಪ್ಯಾರಾಶೂಟ್ ರೆಜಿಮೆಂಟಿನ ಯೋಧರ ಹೆಮ್ಮೆಯ ಗುರುತಾಗಿದೆ.

ಫ್ರೆಂಚರ ಗುರುತಾಗಿ, ಪ್ರತಿಭಟನೆಯ ಗುರುತಾಗಿ

ಬೆರೆಟ್ ಎಂದರೆ ಫ್ರೆಂಚ್ ಎಂಬ ಭಾವನೆ ಗಟ್ಟಿಯಾದದ್ದು ಮುಖ್ಯವಾಗಿ ಎರಡು ಮಹಾಯುದ್ಧಗಳ ನಡುವೆ. ಆಗ ಫ್ರಾನ್ಸಿನ ರೈತರು, ಕಾರ್ಮಿಕರು, ಶಾಲಾ ಹುಡುಗರು ಎಲ್ಲರೂ ಅದನ್ನು ಧರಿಸುತ್ತಿದ್ದರು. ಬ್ರಿಟನ್ನಿನಲ್ಲಿ ಮನೆಮನೆಗೆ ಸೈಕಲ್ಲಿನಲ್ಲಿ ಈರುಳ್ಳಿ ಮಾರಲು ಬರುತ್ತಿದ್ದ, ಫ್ರಾನ್ಸಿನ ಬ್ರಿಟನಿ ಪ್ರಾಂತದ ವ್ಯಾಪಾರಿಗಳ ತಲೆಯ ಮೇಲೂ ಅದೇ. ಬಾಸ್ಕ್ ಸೀಮೆಯ ಟೆನಿಸ್ ಆಟಗಾರ ಜ್ಯಾಂ ಬೊರೊತ್ರಾ 1924 ಮತ್ತು 1926ರಲ್ಲಿ ವಿಂಬಲ್ಡನ್ ಗೆದ್ದವರು, ಬೆರೆಟ್ ಹಾಕಿಕೊಂಡೇ ಆಡುತ್ತಿದ್ದರು. 1960ರ ಮಾರ್ಚ್ 5ರಂದು ಹವಾನಾದಲ್ಲಿ ಆಲ್ಬರ್ಟೊ ಕೊರ್ಡಾ ತೆಗೆದ, ಬೆರೆಟ್ ಧರಿಸಿದ ಕ್ರಾಂತಿಕಾರಿ ಚೆ ಗೆವಾರಾ ಛಾಯಾಚಿತ್ರ ಮತ್ತು 1966ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಇದಕ್ಕೆ ಕ್ರಾಂತಿಯ ಅರ್ಥವನ್ನೂ ಸೇರಿಸಿದವು.

ಇಂದು ಎಲ್ಲಿದೆ?

ಎರಡನೆಯ ಮಹಾಯುದ್ಧದ ನಂತರ ಬರಿತಲೆಯಲ್ಲಿ ಓಡಾಡುವುದು ರೂಢಿಯಾಗಿ ಎಲ್ಲ ಬಗೆಯ ಟೋಪಿಗಳ ಮಾರಾಟವೂ ಇಳಿಯಿತು. ಫ್ರಾನ್ಸಿನಲ್ಲಿ ಕಡ್ಡಾಯ ಸೈನಿಕ ಸೇವೆ 2001ರಲ್ಲಿ ಕೊನೆಗೊಂಡಾಗ ಬೆರೆಟ್ ತಯಾರಕರಿಗೆ ಸೈನ್ಯದಿಂದ ಬರುತ್ತಿದ್ದ ಬೇಡಿಕೆ ಇನ್ನಷ್ಟು ಕುಗ್ಗಿತು. ಬೆಯಾರ್ನ್‌ನ ಹಳೆಯ ಕಾರ್ಖಾನೆಗಳಲ್ಲಿ ಹೆಚ್ಚಿನವು ಒಂದೊಂದಾಗಿ ಮುಚ್ಚಿದವು. ನೈ ಊರಿನಲ್ಲಿ ಬೆರೆಟ್‌ಗೆಂದೇ ಒಂದು ವಸ್ತುಸಂಗ್ರಹಾಲಯ ತಲೆಯೆತ್ತಿತು. ಒಲೊರೊಂನ ಲೋಲೇರ್ ಈಗಲೂ ಸೈನಿಕರಿಗೂ ಫ್ಯಾಷನ್ ಅಂಗಡಿಗಳಿಗೂ ಬೆರೆಟ್ ಒದಗಿಸುತ್ತಿದೆ. ಅಲ್ಲಿ ಬಳಸುವ ಉಣ್ಣೆ ಈಗ ಪಿರೆನೀಸ್‌ನ ಒರಟು ಉಣ್ಣೆಯಲ್ಲ, ಮೆರಿನೊ ತಳಿಯ ಕುರಿಯ ನಯವಾದ ಉಣ್ಣೆ. ಯಂತ್ರದಲ್ಲಿ ಹೆಣೆದ ತಟ್ಟೆಯ ಎರಡು ತುದಿಗಳನ್ನು ಒಂದೊಂದೇ ಕುಣಿಕೆ ಹಿಡಿದು ಸೇರಿಸುವ ಕೆಲಸಕ್ಕೆ ಮಾತ್ರ ಇನ್ನೂ ನುರಿತ ಕೈ, ಚುರುಕಾದ ಕಣ್ಣು ಬೇಕು.